'ಸ್ಟೆಪ್ನಿ' ಎಲ್ಲಿಯ ಪದ? ಕಾರಿನ ಕೈಪಿಡಿಯಲ್ಲಿ ಬರೆಯಬಹುದೇ?

ಅನುವಾದದಂಗಡಿ:
ಕಾರಿನ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸ. ಮೂಲದಲ್ಲಿ 'ಸ್ಪೇರ್ ವೀಲ್' ಇದೆ. ಬೆಂಗಳೂರಿನ ಯಾವ ಪಂಕ್ಚರ್ ಅಂಗಡಿಗೆ ಹೋದರೂ ಅದು 'ಸ್ಟೆಪ್ನಿ'ಯೇ. ಆದರೆ ಇಂಗ್ಲೆಂಡಿನವರಿಗೆ ಸ್ಟೆಪ್ನಿ ಅಂದರೆ ಲಂಡನ್ನಿನ ಒಂದು ಬಡಾವಣೆ. ಹಳೆಯ ಕಾರುಗಳ ಸ್ಟೆಪ್ಪಿನ ಮೇಲೆ ಇಡುತ್ತಿದ್ದರು, ಅದಕ್ಕೇ ಸ್ಟೆಪ್ನಿ ಅಂತ ಕೆಲವರು ಹೇಳುತ್ತಾರೆ, ನಿಜವೇ? ಹಾಗೇ ಬರೆಯಲೇ, 'ಬದಲಿ ಚಕ್ರ' ಅನ್ನಲೇ?

ಪದಜೋಳಿಗೆ:
ಸ್ಟೆಪ್ಪಿನ ಕತೆ ಆಮೇಲೆ ಹೊಸೆದದ್ದು. ವೇಲ್ಸ್‌ನ ಲನೆಲಿ ಪಟ್ಟಣದಲ್ಲಿ ಸ್ಟೆಪ್ನಿ ಸ್ಟ್ರೀಟ್ ಎಂಬ ಬೀದಿಯಿದೆ. ಆ ಊರಿನ ಡೇವಿಸ್ ಸಹೋದರರು 1904ರ ಹೊತ್ತಿಗೆ ಹೊರತಂದ ಗಾಲಿಗೆ ಆ ಬೀದಿಯ ಹೆಸರನ್ನೇ ಇಟ್ಟರು.

ಆ ಸ್ಟೆಪ್ನಿ ಮಾತ್ರ ಇವತ್ತಿನದಲ್ಲ. ಆಗಿನ ಎಷ್ಟೋ ಕಾರುಗಳ ಗಾಲಿಯನ್ನು ದಾರಿಯಲ್ಲಿ ಕಳಚುವ ಹಾಗಿರಲಿಲ್ಲ. ಪಂಕ್ಚರ್ ಆದರೆ ನಿಂತಲ್ಲೇ ಟೈರನ್ನು ರಿಮ್ಮಿನಿಂದ ಎಬ್ಬಿಸಿ, ಟ್ಯೂಬು ಎಳೆದು, ತೇಪೆ ಹಾಕಿ, ಕೈಪಂಪಿನಲ್ಲಿ ಗಾಳಿ ಹೊಡೆಯಬೇಕು. ಡೇವಿಸ್ ಸಹೋದರರು ಮಾಡಿದ್ದು ಕಡ್ಡಿಗಳಿಲ್ಲದ ಬರೀ ರಿಮ್ಮು, ಅದಕ್ಕೆ ಮೊದಲೇ ಗಾಳಿ ತುಂಬಿದ ಟೈರು. ಗಾಳಿ ಹೋದ ಗಾಲಿಯನ್ನು ಬಿಚ್ಚುವುದೇ ಬೇಡ, ಅದರ ಪಕ್ಕಕ್ಕೆ ಇದನ್ನು ಕ್ಲಾಂಪ್ ಹಾಕಿ ಬಿಗಿದು ಹೊರಡುವುದು. ಭಾರವೆಲ್ಲ ಗಾಲಿಯ ಹೊರಮಗ್ಗುಲಿಗೆ ಬೀಳುತ್ತದೆ, ಹಾಗಾಗಿ ಗ್ಯಾರೇಜ್ ಮುಟ್ಟುವ ತನಕದ ಏರ್ಪಾಡು ಅಷ್ಟೇ. ನಟ್ಟು ಬಿಚ್ಚಿ ಇಡೀ ಗಾಲಿಯನ್ನೇ ಕಳಚುವ ಕಾರುಗಳು ಬಂದಮೇಲೆ ಆ ವಸ್ತು ಮೂಲೆ ಸೇರಿತು. ಹೆಸರು ಇಲ್ಲಿ ಬದಲಿ ಗಾಲಿಗೆ ಅಂಟಿಕೊಂಡಿತು.

ಅಡಿಟಿಪ್ಪಣಿ:
ಇಲ್ಲಿ ಮಾತ್ರ ಅಲ್ಲ. ಬಾಂಗ್ಲಾದೇಶದಲ್ಲೂ ಮಾಲ್ಟಾದಲ್ಲೂ ಇದೇ ಪದ. ಬ್ರೆಜಿಲ್‌ನ ಪೋರ್ಚುಗೀಸಿನಲ್ಲಿ ಅದು 'ಎಸ್ಟೆಪಿ'. ಪದದ ಮೊದಲಿಗೇ 'ಸ್ಟ' ಬಂದರೆ ಅವರ ನಾಲಿಗೆಗೆ ಒಗ್ಗದು, ಮುಂದೊಂದು ಸ್ವರ ಬೇಕು. ನಮ್ಮಲ್ಲಿ ಸ್ಕೂಲು 'ಇಸ್ಕೂಲು' ಆದದ್ದೂ ಹೀಗೇ. ತಮಾಷೆಯೆಂದರೆ, ಮಧ್ಯ ಏಷ್ಯಾದ ಹುಲ್ಲುಬಯಲಿಗೂ ಅವರಲ್ಲಿ ಅದೇ ಕಾಗುಣಿತ. ಬಯಲು ಸ್ತ್ರೀಲಿಂಗ, ಗಾಲಿ ಪುಲ್ಲಿಂಗ.

ಕನ್ನಡದಲ್ಲಿ ಬಸ್ 'ಬಸ್ಸು' ಆಯಿತು, ಕಾರ್ 'ಕಾರು' ಆಯಿತು. ಸ್ಟೆಪ್ನಿ ಆಗಲೇ ಸ್ವರದಲ್ಲಿ ಮುಗಿಯುವುದರಿಂದ ಅದಕ್ಕೆ ಉಕಾರ ಬೇಕಿಲ್ಲ. ವಿಭಕ್ತಿ ಹತ್ತುವಾಗ ಯಕಾರ ಬಂದರೆ ಸಾಕು: ಸ್ಟೆಪ್ನಿಯನ್ನು, ಸ್ಟೆಪ್ನಿಯ. ಕೈಪಿಡಿಯಲ್ಲಿ ಧಾರಾಳವಾಗಿ ಬಳಸಿ. ಇಂಗ್ಲಿಷ್ ಪ್ರತಿಗೆ ಮಾತ್ರ ನುಸುಳಲು ಬಿಡಬೇಡಿ, ಹೊರದೇಶದ ಓದುಗರಿಗೆ ತಿಳಿಯುವುದಿಲ್ಲ.

ಗಾಲಿಗುಮ್ಮ:
ಜೆ.ಸಿ. ರಸ್ತೆಯ ಅಂಗಡಿಯಲ್ಲಿ 'ಬದಲಿ ಚಕ್ರ ಕೊಡಿ' ಅಂದರೆ 'ಯಾವುದಕ್ಕೆ ಬದಲಿ?' ಅಂತ ಕೇಳುತ್ತಾರೆ. ಮೊದಲ ಸಲ 'ಸ್ಟೆಪ್ನಿ (ಬದಲಿ ಚಕ್ರ)' ಅಂತ ಬರೆದು, ಮುಂದೆಲ್ಲ ಸ್ಟೆಪ್ನಿ ಅನ್ನಿ.

ಎಡವುವುದು ಬೇರೆ ಕಡೆ. ಉಳಿದ ನಾಲ್ಕರ ಅಳತೆಯದೇ ಸ್ಟೆಪ್ನಿಯೋ, ಅಗಲ ಕಡಿಮೆಯ ತಾತ್ಕಾಲಿಕ ಸ್ಟೆಪ್ನಿಯೋ ಎಂಬುದನ್ನು ಈ ಒಂದು ಪದ ಹೇಳುವುದಿಲ್ಲ. ತಾತ್ಕಾಲಿಕದ್ದಕ್ಕೆ ಸಾಮಾನ್ಯವಾಗಿ 60 ಪಿಎಸ್ಐ ಗಾಳಿ ಬೇಕು, ವೇಗ ಗಂಟೆಗೆ 80 ಕಿ.ಮೀ. ದಾಟಬಾರದು. ಉಳಿದವುಗಳಂತೆ ಮೂವತ್ತರ ಆಸುಪಾಸು ತುಂಬಿ ಓಡಿಸಿದರೆ ಟೈರಿನ ಮಗ್ಗುಲು ಮಡಚಿ ಮಡಚಿ ಕಾಯುತ್ತದೆ, ಕೊನೆಗೆ ಹರಿಯುತ್ತದೆ. ಆದ್ದರಿಂದ 'ತಾತ್ಕಾಲಿಕ ಸ್ಟೆಪ್ನಿ' ಅಂತ ಪ್ರತಿ ಸಲವೂ ಪೂರ್ತಿ ಬರೆಯಿರಿ, ಅಂಕಿಯನ್ನು ಟೈರಿನ ಮೇಲೇ ನೋಡಲು ಹೇಳಿ. ಕಾರಿನಲ್ಲಿ ಸ್ಟೆಪ್ನಿ ಇದೆಯೇ ಎಂಬುದನ್ನೂ ಖಾತ್ರಿ ಮಾಡಿಕೊಳ್ಳಿ. 2020ರ ನಿಯಮ ತಿದ್ದುಪಡಿಯ ನಂತರ ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್, ಗಾಳಿ ಒತ್ತಡದ ಸೂಚಕ ಇರುವ ಕಾರಿಗೆ ಅದು ಕಡ್ಡಾಯವಲ್ಲ.

ಅನುವಾದದಂಗಡಿ:
ಧನ್ಯವಾದ. ಹಾಗಾದರೆ 'ಡಿಕ್ಕಿಯಿಂದ ಸ್ಟೆಪ್ನಿಯನ್ನು ಹೊರತೆಗೆಯಿರಿ' ಸರಿಯೇ?

ಪದಜೋಳಿಗೆ:
ಸರಿ, ಆದರೆ ಹುಷಾರು. ಹಿಂದೆ ಮಡಚಿಡುವ 'ಡಿಕಿ' ಸೀಟಿನ ಇಂಗ್ಲಿಷ್ ಹೆಸರು ಸಾಮಾನಿಡುವ ಜಾಗಕ್ಕೆ ಬಂದು ಈ ಡಿಕ್ಕಿ ಆಯಿತು. ಗುದ್ದುವ ಡಿಕ್ಕಿ ಬೇರೆ. ಸುರಕ್ಷತೆಯ ಅಧ್ಯಾಯದಲ್ಲಿ 'ಡಿಕ್ಕಿಯಿಂದ ಹಾನಿಯಾದರೆ' ಅಂತ ಬಂದರೆ ಓದುಗರು ತಬ್ಬಿಬ್ಬು. ಅಲ್ಲಿ 'ಅಪಘಾತ' ಅನ್ನಿ, ಡಿಕ್ಕಿಯನ್ನು ಸಾಮಾನಿಗೇ ಬಿಡಿ.