ಜರ್ಮನ್ ಪದಕಪಟ್ಟಿ: ಮೊದಲು ಧರಿಸಿದವರನ್ನು ಪತ್ತೆ ಮಾಡಿದವರು ಇದ್ದೀರಾ?

ಮ್ಯೂನಿಕ್ ಕನ್ನಡತಿ: ನಮಸ್ಕಾರ. ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ, ಎದೆಗೆ ಸಿಕ್ಕಿಸುವ ಒಂದೇ ಪಟ್ಟಿಗೆ ಹೊಲಿದ ನಾಲ್ಕು ಪದಕ ಕೊಂಡೆ. 1914ರ ಐರನ್ ಕ್ರಾಸ್ ಎರಡನೇ ದರ್ಜೆ, ಬವೇರಿಯಾದ (ಆಗ ತನ್ನದೇ ಸೈನ್ಯವಿದ್ದ ಜರ್ಮನ್ ರಾಜ್ಯ) ಮಿಲಿಟರಿ ಮೆರಿಟ್ ಆರ್ಡರ್ ಎಂಬ ಪದಕದ ನಾಲ್ಕನೇ ದರ್ಜೆ (ಕತ್ತಿಗಳಿವೆ, ಕಿರೀಟ ಇಲ್ಲ), ಕತ್ತಿಗಳಿರುವ ಹಿಂಡೆನ್‌ಬರ್ಗ್ ಕ್ರಾಸ್ (ಮೊದಲ ಮಹಾಯುದ್ಧದಲ್ಲಿದ್ದವರಿಗೆ ಆಮೇಲೆ ಕೊಟ್ಟದ್ದು), ಕೊನೆಗೆ ಆಸ್ಟ್ರಿಯಾದ ಮಿಲಿಟರಿ ಮೆರಿಟ್ ಕ್ರಾಸ್. ಹೆಸರು ಎಲ್ಲೂ ಇಲ್ಲ. ಯಾರದೆಂದು ತಿಳಿದರೆ ಅವರ ಮನೆಯವರಿಗೆ ಮುಟ್ಟಿಸುವ ಆಸೆ. ಪತ್ತೆ ಮಾಡಿದವರು ಅನುಭವ ಹೇಳಿ.

ನೆಕಾರ್ ತೀರ: ಆಸೆ ಇಟ್ಕೋಬೇಡಿ ಮೇಡಂ. ನಾನು ಸ್ಟುಟ್‌ಗಾರ್ಟ್‌ನಲ್ಲಿ ವುರ್ಟೆಂಬರ್ಗ್ ರಾಜ್ಯದ ಪಟ್ಟಿ ಕೊಂಡೆ: ಐರನ್ ಕ್ರಾಸ್, ಬೆಳ್ಳಿಯ ಮಿಲಿಟರಿ ಮೆರಿಟ್ ಮೆಡಲ್, ಹಿಂಡೆನ್‌ಬರ್ಗ್ ಕ್ರಾಸ್. 340 ಯೂರೋ. ಬರೀ ಪಟ್ಟಿಗೆ 120 ಸಾಕಿತ್ತು. ಮಿಕ್ಕ 220 ಕೊಟ್ಟಿದ್ದು ಜೊತೆಗಿದ್ದ ಒಂದು ಹಾಳೆಗೆ. ಹೆಸರು, ಊರು, ಮೊಹರು ಎಲ್ಲ ಇದ್ದ ಪ್ರಮಾಣಪತ್ರ. ಮನೆಯಲ್ಲಿ ಕೂತು ಓದಿದರೆ ಅದು 'ಕ್ರೀಗ್ಸ್‌ಟೈಲ್ನೇಮರ್'ಗೆ (ಸೇವೆಯಲ್ಲಿದ್ದರೂ ರಣರಂಗದಲ್ಲಿ ಹೋರಾಡದವರಿಗೆ) ಕೊಟ್ಟದ್ದು, ಅಂದರೆ ಕತ್ತಿಗಳಿಲ್ಲದ ಕ್ರಾಸ್‌ಗೆ. ಪಟ್ಟಿಯಲ್ಲಿರೋದು ರಣರಂಗದಲ್ಲಿ ಕಾದಿದವರ ಕತ್ತಿಯ ಕ್ರಾಸ್. ಯಾರದೋ ಪತ್ರ, ಯಾರದೋ ಪದಕ! ಕೇಳಿದರೆ ವ್ಯಾಪಾರಿ 'ನನಗೂ ಹೀಗೇ ಬಂತು' ಅಂದ. ವಕೀಲರ ನೋಟಿಸಿಗೆ 90 ಹೋಯಿತು, ಅವನು ಹಿಂದಕ್ಕೆ ಕೊಟ್ಟಿದ್ದು 50. ಆ ಹಾಳೆ ಈಗಲೂ ಡ್ರಾಯರ್‌ನಲ್ಲಿದೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ. ಸಿಪಾಯಿಗಳ ಪಟ್ಟಿಗೆ ಹೆಸರು ಸಿಗಲ್ಲ. ಐರನ್ ಕ್ರಾಸ್ ಎರಡನೇ ದರ್ಜೆ ಲಕ್ಷಗಟ್ಟಲೆ ಜನಕ್ಕೆ ಸಿಕ್ಕಿದೆ.

ಜಯನಗರದ ಸಂಗ್ರಾಹಕಿ: ಸಿಗಲ್ಲ ಅಂತ ಎಲ್ಲರಿಗೂ ಯಾಕೆ ಹೇಳ್ತೀರಿ? ನನಗೆ ಸಿಕ್ಕಿದೆ. ಹರಾಜಿನಲ್ಲಿ 610 ಯೂರೋ, ಮೇಲೆ ಹರಾಜಿನವರ ಕಮಿಷನ್ ನೂರಕ್ಕೆ 25, ಕೊರಿಯರ್ 48, ಬೆಂಗಳೂರಿಗೆ ಬಂದಮೇಲೆ ಕಸ್ಟಮ್ಸ್ ಬೇರೆ. ಒಂದೊಂದು ರೂಪಾಯಿಗೂ ಬೆಲೆ ಬಂತು. ಐರನ್ ಕ್ರಾಸ್ ಪಕ್ಕದಲ್ಲಿ ಪ್ರಷ್ಯಾ ರಾಜ್ಯದ ರೆಡ್ ಈಗಲ್ ಪದಕ ನಾಲ್ಕನೇ ದರ್ಜೆ, ಅಧಿಕಾರಿಗಳ 25 ವರ್ಷದ ಸೇವಾ ಕ್ರಾಸ್, ಕೊನೆಯಲ್ಲಿ ಸಯಾಮಿನ (ಈಗಿನ ಥಾಯ್ಲೆಂಡ್) ಆರ್ಡರ್. ಯುದ್ಧಕ್ಕೆ ಮುಂಚಿನ ಈ ಮೂರೂ ಪ್ರಷ್ಯಾದ 1914ರ ರಾಂಗ್‌ಲಿಸ್ಟೆಯಲ್ಲಿ (ಸೈನ್ಯದ ಅಧಿಕಾರಿಗಳ ಹೆಸರಿನ ಪುಸ್ತಕ) ಅಧಿಕಾರಿಯ ಹೆಸರಿನ ಪಕ್ಕ ಸಂಕ್ಷಿಪ್ತವಾಗಿ ಅಚ್ಚಾಗಿರುತ್ತವೆ. ರೆಜಿಮೆಂಟ್ ಬಿಟ್ಟು ರೆಜಿಮೆಂಟ್ ಓದಿದೆ, ಕಣ್ಣು ಉರಿಯುವವರೆಗೆ. ಮೂರೂ ಇದ್ದವರು ಒಬ್ಬರೇ. ಅಗ್ಗದ್ದನ್ನಲ್ಲ, ಅಪರೂಪದ ಜೋಡಣೆ ಇರೋದನ್ನು ಕೊಳ್ಳಬೇಕು. ನಾನು ಮಾಡಿದ್ದು ಅದನ್ನೇ.

ಮೈಸೂರು ಹಳೆ ದಾರ: ಒಬ್ಬರೇ ಸಿಕ್ಕರು ಅಂದಮಾತ್ರಕ್ಕೆ ಪಟ್ಟಿ ಅವರದೇ ಅಂತ ಆಗಲ್ಲ ಮೇಡಂ. ಆ ಪುಸ್ತಕ ಮೇ 1914ಕ್ಕೆ ನಿಲ್ಲುತ್ತೆ. ಆಗಲೇ ನಿವೃತ್ತರಾಗಿದ್ದು ಯುದ್ಧಕ್ಕೆ ಮರಳಿದವರನ್ನು ಎಲ್ಲಿ ಹುಡುಕಿದಿರಿ? ನಾನು ಮೊದಲು ನೋಡೋದು ಹಿಂಬದಿ. ಯುವಿ (ಅತಿನೇರಳೆ) ದೀಪ ಹಿಡಿಯಿರಿ. ದಾರ ನೀಲಿಯಾಗಿ ಹೊಳೆದರೆ ಅದು ಇತ್ತೀಚೆಗೆ ಹೊಲಿದದ್ದು, ಬಿಡಿ ಪದಕ ಜೋಡಿಸಿ ಮಾರಿದ್ದು. ನನ್ನ ಒಂದು ಪಟ್ಟಿ ಹಾಗೇ ಹೊಳೆಯಿತು, 28 ಸಾವಿರ ರೂಪಾಯಿ ನೀರಿಗೆ ಹೋಯಿತು. ನಮ್ಮಜ್ಜ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿದವರು. ಬ್ರಿಟಿಷರು ಕೊಟ್ಟ ಪದಕದ ಅಂಚಿನಲ್ಲಿ ಅವರ ಹೆಸರೇ ಕೊರೆದಿದೆ. ಪುರಾವೆ ಅಂದರೆ ಅದು.

ಜಯನಗರದ ಸಂಗ್ರಾಹಕಿ: ನಿಮ್ಮಜ್ಜನ ಮೇಲೆ ಗೌರವ ಇದೆ ಸಾರ್, ಆದರೆ ಜರ್ಮನ್ ಪದಕದ ಮಾತು ನಡೀತಿದೆ. ನನ್ನ ಪಟ್ಟಿ ಹೊಳೆಯಲ್ಲ. ನೋಡದೇ ತೀರ್ಪು ಕೊಡಬೇಡಿ.

ಹುಬ್ಬಳ್ಳಿ ಹಿತ್ತಾಳಿ: ಅಕ್ಕಾರ, ಮೊದಲ ಅದನ್ನ ಸ್ವಚ್ಛ ಮಾಡ್ರಿ, ಹೊಲಸಿನ ಬುಡಕ ಗುರುತು ಇದ್ದರೂ ಇರತಾವು. ನಾ 1870-71ರ ಜರ್ಮನ್-ಫ್ರೆಂಚ್ ಯುದ್ಧದ ಪದಕ ತಗೊಂಡಿದ್ದೆ, ಕರ್ರಗ ಆಗಿತ್ತು. ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಅಂಚಿನ ಮ್ಯಾಲೆ ಅಕ್ಷರ ಎದ್ದು ಬಂದ್ವು: ವಶಪಡಿಸಿಕೊಂಡ ತೋಪಿನ ಕಂಚು ಅಂತ ಜರ್ಮನ್‌ದಾಗ. ಈಗ ಬಂಗಾರದಂಗ ಹೊಳೀತದ.

ಮೈಸೂರು ಹಳೆ ದಾರ: ಹುಣಸೆಹಣ್ಣಾ! ನೂರೈವತ್ತು ವರ್ಷದ ಬಣ್ಣ ತೆಗೆದು ಹಾಕಿ ಹೆಮ್ಮೆಪಡ್ತೀರಲ್ಲ. ಆ ಬರಹ ಕಂಚಿನ ಪದಕಕ್ಕೆಲ್ಲ ಇರುವುದೇ, ಅದರಿಂದ ಯಾರ ಗುರುತೂ ಸಿಗಲ್ಲ. ಮೇಡಂ, ದಯವಿಟ್ಟು ಹುಳಿ ಮುಟ್ಟಿಸಬೇಡಿ. ಐರನ್ ಕ್ರಾಸ್‌ನ ನಡುಭಾಗ ಕಬ್ಬಿಣ, ತುಕ್ಕು ಹಿಡಿಯುತ್ತೆ.

ಹುಬ್ಬಳ್ಳಿ ಹಿತ್ತಾಳಿ: ನನ್ನ ರೊಕ್ಕ, ನನ್ನ ಪದಕ. ನಿಮ್ಮನ್ನ ಯಾರು ಕೇಳ್ಯಾರ್ರಿ?

ನೆಕಾರ್ ತೀರ: ಜಗಳ ಆಡಿ ಏನು ಉಪಯೋಗ. ಪ್ರಷ್ಯಾದವರ ಮುಖ್ಯ ಕಾಗದವೇ ಇಲ್ಲ, ಪಾಟ್ಸ್‌ಡಾಮ್‌ನ ಸೈನ್ಯದ ದಾಖಲೆ 1945ರ ಏಪ್ರಿಲ್ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಜಯನಗರದವರು ತಮಗೆ ಸಿಕ್ಕ ಹೆಸರನ್ನು ತಾಳೆ ನೋಡೋಕೆ ಇನ್ನೇನು ತರ್ತಾರೆ?

ಇಸಾರ್ ದಂಡೆ: ಕೇಳಿದವರನ್ನೇ ಎಲ್ಲರೂ ಮರೆತಿರಿ. ಬವೇರಿಯಾದ ದಾಖಲೆ ಬಹುಪಾಲು ಉಳಿದಿದೆ, ಮ್ಯೂನಿಕ್‌ನ ಲಿಯೋನ್‌ರೋಡ್‌ಸ್ಟ್ರಾಸ್ಸೆಯ ಕ್ರೀಗ್ಸಾರ್ಕೀವ್‌ನಲ್ಲಿ (ಯುದ್ಧ ದಾಖಲೆಗಳ ಸಂಗ್ರಹಾಲಯ). ಅಧಿಕಾರಿಗಳಿಗೆ ಒಬ್ಬೊಬ್ಬರಿಗೂ ಕಡತ. ನಿಮ್ಮ ಪಟ್ಟಿ ಅಧಿಕಾರಿಯದೇ, ಬವೇರಿಯಾದ ಆರ್ಡರೂ ಆಸ್ಟ್ರಿಯಾದ ಕ್ರಾಸೂ ಸಿಪಾಯಿಗೆ ಕೊಡುತ್ತಿರಲಿಲ್ಲ. ಕಿರೀಟವಿಲ್ಲದ ಆರ್ಡರ್ ಸಾಮಾನ್ಯವಾಗಿ ಲೆಫ್ಟಿನೆಂಟ್ ಮಟ್ಟದವರಿಗೆ. ಹಿಂಡೆನ್‌ಬರ್ಗ್ ಕ್ರಾಸ್ ಸ್ಥಾಪನೆಯಾದದ್ದು 1934ರಲ್ಲಿ, ಕತ್ತಿಯದನ್ನು ಬದುಕಿದ್ದ ಯೋಧರೇ ಪಡೆಯುತ್ತಿದ್ದರು. ಹಾಗಾಗಿ 1914-18ರಲ್ಲಿ ಸತ್ತವರನ್ನೆಲ್ಲ ಬಿಡಿ. ಆಸ್ಟ್ರಿಯಾದ ಕ್ರಾಸೇ ನಿಮ್ಮ ಕೊಂಡಿ: ಆಸ್ಟ್ರಿಯನ್ನರ ಜೊತೆ ಕಾದಿದ ಬವೇರಿಯನ್ ತುಕಡಿಗಳ ಅಧಿಕಾರಿಗಳಿಂದ ಶುರುಮಾಡಿ. ನನ್ನ ಪಟ್ಟಿಗೆ ಹೀಗೇ ಹೊರಟೆ, ಕೊನೆಗೆ ಇಬ್ಬರು ಉಳಿದರು. ಅವರಲ್ಲಿ ಯಾರೆಂದು ಇನ್ನೂ ಬಿಡಿಸಲಾಗಿಲ್ಲ. ಕಡತದ ಪ್ರತಿಗಳಿಗೇ 74 ಯೂರೋ ಆಯಿತು.

ಮ್ಯೂನಿಕ್ ಕನ್ನಡತಿ: ತುಂಬಾ ಉಪಕಾರ. ಹಿಂಬದಿಯ ಫೋಟೋ ಹಾಕ್ತೇನೆ.

ಮೈಸೂರು ಹಳೆ ದಾರ: ಯುವಿ ದೀಪದಲ್ಲಿ ತೆಗೆದದ್ದನ್ನೂ ಹಾಕಿ. ಜಯನಗರದವರೂ ಹಾಕಲಿ.

ಜಯನಗರದ ಸಂಗ್ರಾಹಕಿ: ಇವತ್ತು ರಾತ್ರಿಯೇ ಹಾಕ್ತೀನಿ. ಹೊಳೆಯದಿದ್ದರೆ ಮೇಲೆ ಬರೆದದ್ದನ್ನು ವಾಪಸ್ ತಗೋಬೇಕು ಸಾರ್, ಇಲ್ಲೇ, ಎಲ್ಲರ ಮುಂದೆ.