25 ಟೆಸ್ಟ್, 8 ಗೆಲುವು: ದ್ರಾವಿಡ್ ಒಳ್ಳೇ ಕ್ಯಾಪ್ಟನ್ ಹೌದಾ, ಅಲ್ವಾ?

ಸೆಕೆಂಡ್_ಸ್ಲಿಪ್:
ಭಾನುವಾರ ಊಟಕ್ಕೆ ಕೂತಾಗ ನಮ್ಮ ಭಾವನಿಗೂ ನನಗೂ ಜಗಳ ಹತ್ತಿತು. ಅಕ್ಕ ಸಾರಿನ ಸೌಟು ಹಿಡಿದುಕೊಂಡೇ ಬಂದು ಬಿಡಿಸಬೇಕಾಯಿತು. ವಿಷಯ ಇಷ್ಟೇ. ದ್ರಾವಿಡ್ ಬ್ಯಾಟ್ಸ್‌ಮನ್ ಆಗಿ ದೊಡ್ಡವರು, ಕ್ಯಾಪ್ಟನ್ ಆಗಿ ಸುಮಾರು ಅಂದರು ಭಾವ. ನಾನು ಒಪ್ಪಲಿಲ್ಲ. ಅವರು ಮೊಬೈಲ್ ತೆಗೆದು ತೋರಿಸಿದರು: 25 ಟೆಸ್ಟ್, 8 ಗೆಲುವು, 6 ಸೋಲು, ಉಳಿದದ್ದು ಡ್ರಾ. ಕೊಹ್ಲಿ 68ರಲ್ಲಿ 40 ಗೆದ್ದಿದ್ದಾರೆ. ಮೇಲೆ ಮೊದಲ ಸುತ್ತಲ್ಲೇ ಹೊರಬಿದ್ದ 2007ರ ವಿಶ್ವಕಪ್ ಬೇರೆ. ಮಾತು ಮುಗಿಯಿತು ಅನ್ನೋ ಹಾಗೆ ಮೊಬೈಲ್ ಮಗುಚಿಟ್ಟು ಹಪ್ಪಳ ಮುರಿದರು.

ಆದರೆ ಅದೇ ಮನುಷ್ಯ 2006ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ಸರಣಿ ಗೆದ್ದರು, 1971ರ ನಂತರ ಅಲ್ಲಿ ನಮಗೆ ಅದೇ ಮೊದಲು. ಕಿಂಗ್‌ಸ್ಟನ್‌ನ ಆ ಕೆಟ್ಟ ಪಿಚ್‌ನಲ್ಲಿ 81 ಮತ್ತು 68 ಹೊಡೆದದ್ದೂ ಅವರೇ. ಅದೇ ವರ್ಷದ ಕೊನೆಗೆ ಜೋಹಾನ್ಸ್‌ಬರ್ಗ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 84ಕ್ಕೆ ಆಲೌಟ್ ಮಾಡಿ, ಆ ದೇಶದಲ್ಲಿ ಮೊದಲ ಟೆಸ್ಟ್ ಗೆದ್ದೆವು. 2007ರಲ್ಲಿ ಇಂಗ್ಲೆಂಡ್‌ನಲ್ಲಿ ಸರಣಿ, ಅದೂ 1986ರ ನಂತರ ಮೊದಲ ಸಲ. ಇದೆಲ್ಲ ಆ 8ರ ಒಳಗೇ ಇದೆ. ಹಾಗಿದ್ದಾಗ ಕ್ಯಾಪ್ಟನ್‌ನ ಅಳೆಯೋದು ಹೇಗೆ? ಭಾವನ ಬಾಯಿ ಮುಚ್ಚಿಸೋಕೆ ಏನಾದರೂ ಕೊಡಿ.

ಹುಬ್ಳಿ_ಆಫ್‌ಬ್ರೇಕ್:
ನಿಮ್ಮ ಭಾವನ ಪರ ನಾನು. ನಮ್ಮ ಕರ್ನಾಟಕದವರು ಅಂತ ರಿಯಾಯಿತಿ ಕೊಡೋದು ಬೇಡ. ನೀವು ಬಿಟ್ಟದ್ದನ್ನು ನಾನು ಸೇರಿಸುತ್ತೇನೆ. ಜೋಹಾನ್ಸ್‌ಬರ್ಗ್ ಗೆದ್ದ ಮೇಲೆ ಆ ಸರಣಿಯನ್ನು 2-1ರಲ್ಲಿ ಸೋತೆವು, ಕೇಪ್‌ಟೌನ್‌ನಲ್ಲಿ ಮೊದಲ ಇನ್ನಿಂಗ್ಸ್‌ನಲ್ಲಿ 414 ಹೊಡೆದೂ ಸೋತೆವು. 2006ರಲ್ಲಿ ಇಂಗ್ಲೆಂಡ್ ವಿರುದ್ಧದ ಮುಂಬೈ ಟೆಸ್ಟ್ ನೆನಪಿದೆಯಾ? ಅವರದೇ ನೂರನೇ ಟೆಸ್ಟ್. ಟಾಸ್ ಗೆದ್ದು ಬೌಲಿಂಗ್ ತಗೊಂಡರು, ಕೊನೇ ಇನ್ನಿಂಗ್ಸ್‌ನಲ್ಲಿ 100ಕ್ಕೆ ಆಲೌಟ್, ಗೆಲ್ಲಬೇಕಿದ್ದ ಸರಣಿ 1-1.

ಓವಲ್ 2007, ಅಂದರೆ ನೀವು ಹೇಳಿದ ಇಂಗ್ಲೆಂಡ್ ಸರಣಿಯ ಕೊನೇ ಟೆಸ್ಟ್ ಅಂತೂ ನನಗೆ ಇನ್ನೂ ಹೊಟ್ಟೆ ಉರಿಸುತ್ತದೆ. ನಾವು 664, ಅವರು 345. ಅಂದರೆ 319ರ ಲೀಡ್. ಫಾಲೋಆನ್ ಕೊಡಲಿಲ್ಲ, ಅಂದರೆ ಅವರನ್ನೇ ತಕ್ಷಣ ಮತ್ತೆ ಬ್ಯಾಟಿಂಗ್‌ಗೆ ಇಳಿಸಲಿಲ್ಲ! ಮತ್ತೆ ತಾವೇ ಬ್ಯಾಟ್ ಹಿಡಿದು 96 ಎಸೆತಕ್ಕೆ 12 ರನ್. ಮನೆಯಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಎದ್ದು ಹೋದರು, ಟೀವಿ ಮುಂದೆ ಉಳಿದವನು ನಾನೊಬ್ಬನೇ. ಸರಣಿ 1-0 ಬಂತು ಸರಿ. 2-0 ಬರಬಹುದಿತ್ತಲ್ಲ ಅಂತ ಕೇಳಬಾರದಾ?

ಗೂಗ್ಲಿ_ಅಂಕಲ್:
ಹುಬ್ಳಿಯವರೇ, ಮುಲ್ತಾನ್ ಮರೆತರೆ ಹೇಗೆ? 2004, ಪಾಕಿಸ್ತಾನದ ವಿರುದ್ಧ, ಗಂಗೂಲಿ ಇಲ್ಲದ್ದಕ್ಕೆ ದ್ರಾವಿಡ್ ಕ್ಯಾಪ್ಟನ್. ಸಚಿನ್ 194ರಲ್ಲಿ ಇದ್ದಾಗ ಡಿಕ್ಲೇರ್, ಅಂದರೆ ಇನ್ನಿಂಗ್ಸ್ ಅಲ್ಲಿಗೇ ಮುಗಿಸಿದರು. ಅವತ್ತು ಇಡೀ ದೇಶ ಬೈಯಿತು, ಆತುರ ಜಾಸ್ತಿ ಆಯಿತು ಅಂತ. ಮ್ಯಾಚ್ ಇನ್ನಿಂಗ್ಸ್ ಮತ್ತು 52 ರನ್‌ನಿಂದ ಗೆದ್ದೆವು. ಓವಲ್‌ನಲ್ಲಿ ಅದೇ ವ್ಯಕ್ತಿಗೆ ಪುಕ್ಕಲ ಅಂದರು. ಇಲ್ಲಿ ಗಮನಿಸಿ, ಮುಲ್ತಾನ್‌ನಲ್ಲಿ ಕಳಕೊಳ್ಳೋಕೆ ಏನೂ ಇರಲಿಲ್ಲ, ಓವಲ್‌ನಲ್ಲಿ 21 ವರ್ಷದ ನಂತರ ಕೈಗೆ ಬಂದ ಸರಣಿ ಇತ್ತು, ಬೌಲರ್‌ಗಳು ಸುಸ್ತಾಗಿದ್ದರು. ನಾನಾಗಿದ್ದರೂ ಫಾಲೋಆನ್ ಕೊಡುತ್ತಿರಲಿಲ್ಲ.

ನನ್ನ ಲೆಕ್ಕ ಬೇರೆ. ಕ್ಯಾಪ್ಟನ್ ಕೆಲಸದಲ್ಲಿ ಅರ್ಧ ಟೀವಿಯಲ್ಲಿ ಕಾಣೋದೇ ಇಲ್ಲ. ಕುಂಬ್ಳೆಯವರನ್ನೇ ತಗೊಳ್ಳಿ. 14 ಟೆಸ್ಟ್, ಗೆದ್ದದ್ದು 3 ಮಾತ್ರ, ಸೋಲೇ ಜಾಸ್ತಿ. ನಿಮ್ಮ ಭಾವನ ಮೊಬೈಲ್ ಪ್ರಕಾರ ಫೇಲ್. ಆದರೆ 2007-08ರ ಆಸ್ಟ್ರೇಲಿಯಾ ಪ್ರವಾಸಕ್ಕೆ, ತಂಡದಿಂದ ಹೊರಗಿದ್ದ ಸೆಹ್ವಾಗ್ ಬೇಕೇ ಬೇಕು ಅಂತ ಹಟ ಹಿಡಿದದ್ದು ಅವರು. ಸೆಹ್ವಾಗ್ ಅಡಿಲೇಡ್‌ನಲ್ಲಿ 151 ಹೊಡೆದರು, ಎರಡು ತಿಂಗಳಲ್ಲಿ ಚೆನ್ನೈನಲ್ಲಿ 319. ಆ ಹಟವನ್ನು ಯಾವ ಕಾಲಂನಲ್ಲಿ ಬರೀತೀರಿ?

ಸಿಡ್ನಿ ಟೆಸ್ಟ್‌ನ ಗಲಾಟೆ ಎಲ್ಲರಿಗೂ ಗೊತ್ತು. ಅಂಪೈರ್ ತೀರ್ಪುಗಳು, ಹರ್ಭಜನ್ ಮೇಲಿನ ಜನಾಂಗೀಯ ನಿಂದನೆಯ ಆರೋಪ, ಪ್ರವಾಸವೇ ನಿಂತುಹೋಗುತ್ತದೆ ಅನ್ನೋ ಸ್ಥಿತಿ. ಒಂದೇ ತಂಡ ಆಟದ ಮರ್ಯಾದೆಗೆ ತಕ್ಕಂತೆ ಆಡಿತು ಅಂತ ಕುಂಬ್ಳೆ ದನಿ ಎತ್ತರಿಸದೆ ಹೇಳಿ, ತಂಡವನ್ನು ಒಟ್ಟಿಗೆ ಕಟ್ಟಿಕೊಂಡು ಪರ್ತ್‌ಗೆ ಹೋದರು. ಅಲ್ಲಿ ವೇಗದ ಬೌಲರ್ ಇಶಾಂತ್ ಉದ್ದನೆಯ ಸ್ಪೆಲ್ ಹಾಕಿ ಮುಗಿಸಿದ್ದ. ಅವನು ದೆಹಲಿಯಲ್ಲಿ ಇದಕ್ಕಿಂತ ಉದ್ದ ಹಾಕ್ತಾನೆ ಅಂತ ಸೆಹ್ವಾಗ್ ಹೇಳಿದರು. ಕುಂಬ್ಳೆ ಮಾತು ಕೇಳಿದರು, ಇನ್ನೊಂದು ಓವರ್ ಕೊಟ್ಟರು. ಆಸ್ಟ್ರೇಲಿಯಾ ಕ್ಯಾಪ್ಟನ್ ಪಾಂಟಿಂಗ್ ಔಟ್, ಸ್ಲಿಪ್‌ನಲ್ಲಿ ಕ್ಯಾಚ್ ಹಿಡಿದದ್ದು ದ್ರಾವಿಡ್. 72 ರನ್‌ನಿಂದ ಗೆದ್ದೆವು.

ಡಿವಿಷನ್_ಲೀಗ್_ಕೀಪರ್:
ನಾನು ಬೆಂಗಳೂರಿನ ಒಂದು ಸಣ್ಣ ಕ್ಲಬ್‌ನಲ್ಲಿ ಎರಡು ಸೀಸನ್ ಕ್ಯಾಪ್ಟನ್ ಆಗಿದ್ದೆ. ಆಯ್ಕೆ ಹೇಗೆ ಅಂತೀರಾ? ಕಿಟ್ ಬ್ಯಾಗ್ ಸಾಗಿಸೋಕೆ ನನ್ನ ಹತ್ತಿರ ಓಮ್ನಿ ಇತ್ತು. ಅಷ್ಟೇ. ಆದ್ದರಿಂದ ಒಂದು ಮಾತು ಹೇಳಬಲ್ಲೆ. ಬೌಲರ್‌ಗೆ ಇನ್ನೊಂದು ಓವರ್ ಕೊಡೋದಾ ಬೇಡ್ವಾ ಅಂತ ಯೋಚಿಸೋಕೆ ಸಿಗೋದು ಅವನು ಫೈನ್ ಲೆಗ್‌ಗೆ ನಡೆದು ಹೋಗುವಷ್ಟು ಹೊತ್ತು. ತಪ್ಪಾದರೆ ಮನೆಗೆ ಹೋಗಿ ರಾತ್ರಿಯೆಲ್ಲ ಯೋಚನೆ.

ಜಿ.ಆರ್. ವಿಶ್ವನಾಥ್, ನಮ್ಮ ವಿಶಿ, ಅವರನ್ನು ಯಾರೂ ಹೇಳಲೇ ಇಲ್ಲ? ಅವರು ಕ್ಯಾಪ್ಟನ್ ಆದದ್ದು ಎರಡೇ ಟೆಸ್ಟ್‌ಗೆ. 1980ರ ಫೆಬ್ರವರಿ, ಮುಂಬೈನಲ್ಲಿ ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟ್. ಇಂಗ್ಲೆಂಡ್ 58ಕ್ಕೆ 5 ವಿಕೆಟ್. ಆಮೇಲೆ ಬಾಬ್ ಟೇಲರ್ ಕ್ಯಾಚ್ ಕೊಟ್ಟರು ಅಂತ ಅಂಪೈರ್ ಬೆರಳು ಎತ್ತಿದರು. ಬ್ಯಾಟ್‌ಗೆ ತಾಗಿಲ್ಲ ಅಂತ ಅನಿಸಿ ವಿಶಿಯೇ ಟೇಲರ್ ಅವರನ್ನು ವಾಪಸ್ ಕರೆದರು. ಟೇಲರ್ ಮತ್ತು ಬೋತಮ್ ಸೇರಿ 171 ರನ್ ಜೊತೆಯಾಟ. ಬೋತಮ್ ಸೆಂಚುರಿ, ಜೊತೆಗೆ 13 ವಿಕೆಟ್. ನಾವು 10 ವಿಕೆಟ್‌ನಿಂದ ಸೋತೆವು. ವಿಶಿ ಮತ್ತೆ ಕ್ಯಾಪ್ಟನ್ ಆಗಲಿಲ್ಲ.

ನಾನು ಕೀಪರ್, ಟೇಲರ್ ಕೂಡ ಕೀಪರ್, ಹಾಗಾಗಿ ಈ ಕಥೆ ನನಗೆ ಇಷ್ಟ. ಆದರೆ ನಿಜ ಹೇಳಬೇಕು ಅಂದರೆ, ಅವತ್ತು ನಾನು ಬೌಲರ್ ಆಗಿದ್ದರೆ ಕ್ಯಾಪ್ಟನ್ ಮುಖ ನೋಡುತ್ತಿರಲಿಲ್ಲ.

ಹುಬ್ಳಿ_ಆಫ್‌ಬ್ರೇಕ್:
@ಗೂಗ್ಲಿ_ಅಂಕಲ್ ಕುಂಬ್ಳೆ ವಿಷಯದಲ್ಲಿ ಸೋತೆ, ಒಪ್ಪಿದೆ. ನನಗೆ ಕೋಪ ಬರೋದು ಬೇರೆ ಕಡೆ. 1990ರಿಂದ ಟೆಸ್ಟ್ ಆಡಿದ ಕುಂಬ್ಳೆಯವರಿಗೆ ಪಟ್ಟ ಸಿಕ್ಕಿದ್ದು 37ನೇ ವಯಸ್ಸಿಗೆ, ಅದೂ ದ್ರಾವಿಡ್ ಬಿಟ್ಟ ಮೇಲೆ. ಬೌಲರ್ ಅಂದರೆ ದುಡಿಯೋಕೆ ಮಾತ್ರ ಅನ್ನೋ ಹಾಗೆ. ಈಗ ಬುಮ್ರಾ ನೋಡಿ. 2024ರಲ್ಲಿ ಪರ್ತ್‌ನಲ್ಲಿ ಕ್ಯಾಪ್ಟನ್ ಆಗಿ ಆಸ್ಟ್ರೇಲಿಯಾ ವಿರುದ್ಧ 295 ರನ್‌ನಿಂದ ಗೆಲ್ಲಿಸಿದರು. ಆರು ತಿಂಗಳಿಗೆ ಟೆಸ್ಟ್ ಪಟ್ಟ ಗಿಲ್‌ಗೆ ಹೋಯಿತು.

ಗೂಗ್ಲಿ_ಅಂಕಲ್:
ಅದು ಬೌಲರ್ ಅನ್ನೋ ತಾತ್ಸಾರ ಅಲ್ಲ, ಬುಮ್ರಾ ಬೆನ್ನುನೋವಿನ ಪ್ರಶ್ನೆ. ಇಂಗ್ಲೆಂಡ್‌ನಲ್ಲಿ 2025ರಲ್ಲಿ ಐದರಲ್ಲಿ ಮೂರೇ ಟೆಸ್ಟ್ ಆಡಿದರು. ಎರಡು ಟೆಸ್ಟ್‌ಗೆ ಕ್ಯಾಪ್ಟನ್ನೇ ಹೊರಗೆ ಕೂತರೆ ಹೇಗೆ? ಗಿಲ್ 754 ರನ್ ಹೊಡೆದು 2-2 ಮಾಡಿದರು. ಹಾಗಂತ ರನ್ ನೋಡಿ ನಾಯಕತ್ವಕ್ಕೆ ಮಾರ್ಕ್ಸ್ ಕೊಡಬೇಡಿ. ಮ್ಯಾಂಚೆಸ್ಟರ್‌ನಲ್ಲಿ ವಾಷಿಂಗ್ಟನ್ ಸುಂದರ್ ಕೈಗೆ ಚೆಂಡು ಕೊಟ್ಟದ್ದು ತುಂಬ ತಡವಾಗಿ, ಬಂದ ಸ್ವಲ್ಪ ಹೊತ್ತಿಗೆ ವಿಕೆಟ್ ಬಿತ್ತು. ಅಂಥದ್ದನ್ನು ಬರೆದಿಟ್ಟುಕೊಳ್ಳಿ, ಎರಡು ವರ್ಷ ಬಿಟ್ಟು ತೆಗೆದು ನೋಡೋಣ.

ಸೆಕೆಂಡ್_ಸ್ಲಿಪ್:
ಎಲ್ಲವನ್ನೂ ಭಾವನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಪರ್ತ್, ಸೆಹ್ವಾಗ್ ಎರಡನ್ನೂ ಒಪ್ಪಿದರು. ವಿಶಿ ಕಥೆಗೆ ಕೈ ಮುಗಿಯೋ ಗುರುತು ಬಂತು. ದ್ರಾವಿಡ್ ಬಗ್ಗೆ ಮಾತ್ರ ಮತ್ತೆ ಅದೇ 2007ರ ವಿಶ್ವಕಪ್, ಒಂದೇ ಉತ್ತರ: "ಬಾಂಗ್ಲಾದೇಶ, ಪೋರ್ಟ್ ಆಫ್ ಸ್ಪೇನ್, 191 ಆಲೌಟ್."

ಹುಬ್ಳಿ_ಆಫ್‌ಬ್ರೇಕ್:
ಟಾಸ್ ಗೆದ್ದು ಬ್ಯಾಟಿಂಗ್ ತಗೊಂಡು 191, ಅದನ್ನೂ ಸೇರಿಸೋಕೆ ಹೇಳಿ. ನಿಮ್ಮ ಭಾವ ಹುಬ್ಬಳ್ಳಿ ಕಡೆ ಬಂದರೆ ಗಿರಮಿಟ್ ನನ್ನ ಲೆಕ್ಕ.