ಅಪ್ಪನ ಫೋನಿನಲ್ಲಿ ಏನು ಬರಬೇಕು ಅನ್ನೋದನ್ನ ನಾವೇ ಹತೋಟಿ ಮಾಡೋಕಾಗುತ್ತಾ? ಅನುಭವ ಇದ್ದವರು ಹೇಳಿ

ಕೆ.ಟಿ.ಜೆ. ನಗರ, ದಾವಣಗೆರೆ:
ಅಪ್ಪಾಜಿಗೆ 66 ವರ್ಷ, ಶುಗರ್ ಇದೆ. ಯಾವುದೋ ಕಷಾಯದ ವಿಡಿಯೋ ಒಂದನ್ನು ಪೂರ್ತಿ ನೋಡಿದ್ದಾರೆ. ಅವತ್ತಿಂದ ಯೂಟ್ಯೂಬ್ ತೆರೆದರೆ ಸಾಕು, "ಮಾತ್ರೆ ಬಿಸಾಕಿ, ಇದನ್ನು ಕುಡಿಯಿರಿ" ಅನ್ನುವವರದ್ದೇ ಸಾಲು. ರಾತ್ರಿ ಮಾತ್ರೆ ಬಿಟ್ಟಿದ್ದಾರೆ ಅಂತ ಅಮ್ಮ ಮೊನ್ನೆ ಹೇಳಿದರು. ನೋಡಿದ ವಿಡಿಯೋಗಳ ಹಿಸ್ಟರಿ ಆಫ್ ಮಾಡಲಾ, ರೀಸೆಟ್ ಮಾಡಲಾ, ಇಲ್ಲ ಹೊಸ ಅಕೌಂಟ್ ಮಾಡಿಕೊಡಲಾ? ಅವರು ನೋಡುವ ವಚನ ಗಾಯನ, ಮೆಕ್ಕೆಜೋಳದ ರೇಟು ಮಾತ್ರ ಹೋಗಬಾರದು. ಮಾಡಿ ನೋಡಿದವರು ಹೇಳಿ.

ಚನ್ನಗಿರಿ ತೋಟ:
ಹಿಸ್ಟರಿ ಆಫ್ ಮಾಡಿ, ಮುಗೀತು. ನನ್ನದು ಇವತ್ತಿಗೂ ಆಫ್‌ನಲ್ಲೇ ಇದೆ. ಯಾಕೆ ಅಂತ ಕೇಳಿ. ಅಡಿಕೆಗೆ ಬೇರು ಹುಳ ಬಿತ್ತು ಅಂತ ಒಂದು ವಿಡಿಯೋ ಹುಡುಕಿದೆ. ಮರುದಿನದಿಂದ ಶುರುವಾಯ್ತು ನೋಡಿ. ಹುಳಕ್ಕೆ ದ್ರಾವಣ, ಎಲೆ ಹಳದಿಯಾದರೆ ದ್ರಾವಣ, ಹರಳು ಉದುರಿದರೆ ದ್ರಾವಣ. ಎಲ್ಲದರಲ್ಲೂ ಅದೇ ಮನುಷ್ಯ, ಶರ್ಟು ಮಾತ್ರ ಬೇರೆ. ಹಗಲು ರಾತ್ರಿ ಅದೇ ಮುಖ ತೋರಿಸಿದರೆ ಯಾರು ತಾನೇ ನಂಬಲ್ಲ ಹೇಳಿ. 5 ಲೀಟರ್ ಕ್ಯಾನಿಗೆ 1,850. ಎಂಟು ಕ್ಯಾನು, 14,800. ಕೊರಿಯರ್ 640 ಬೇರೆ, ಅದೂ ಮನೆ ತನಕ ಬರಲಿಲ್ಲ, ಬಸ್ ಸ್ಟ್ಯಾಂಡಿಗೆ ಹೋಗಿ ಹೊತ್ತು ತರಬೇಕಾಯ್ತು. ಬುಡಕ್ಕೆ ಹಾಕಲು ಇಬ್ಬರು ಆಳು, 700ರಂತೆ 1,400. ಅಲ್ಲಿಗೆ 16,840. ಊಟ, ಟೀ, ಬೀಡಿ ಲೆಕ್ಕಕ್ಕೆ ಹಿಡಿದಿಲ್ಲ. ಕ್ಯಾನು ತೆರೆದರೆ ಹಳೇ ಬೆಲ್ಲದ ನೀರಿನ ವಾಸನೆ. ಹುಳ ಅದನ್ನೇ ಕುಡಿದು ಇನ್ನೂ ದಪ್ಪಗಾದವು.

ಆಫ್ ಮಾಡಿ, ಹಳೇದೆಲ್ಲ ಅಳಿಸಿದೆ. ಈಗ ಮೊದಲ ಪುಟ ಬಿಳಿ. ಮೇಲೆ ಹುಡುಕೋ ಡಬ್ಬಿ ಒಂದೇ. ನೆಮ್ಮದಿ. ಒಂದೇ ಏಟು ಬಿದ್ದಿದ್ದು ರೇಟಿನದ್ದು. ದಿನಾ ತಾನಾಗೇ ಬರುತ್ತಿದ್ದ ಅಡಿಕೆ ಧಾರಣೆ ವಿಡಿಯೋನೂ ನಿಂತುಹೋಯಿತು. ಗೊತ್ತಾಗದೆ 6 ಕ್ವಿಂಟಲ್ ರಾಶಿ ಅಡಿಕೆ ಕೊಟ್ಟೆ, ಮರುದಿನ ಕ್ವಿಂಟಲ್‌ಗೆ 1,100 ಏರಿತ್ತು. ಲೆಕ್ಕ ನೀವೇ ಹಾಕಿ. ಆದರೂ ಆನ್ ಮಾಡಿಲ್ಲ, ಮಾಡೋದೂ ಇಲ್ಲ.

ಪಿ.ಡಿ.ಒ. ಆಗೇ ಆಗ್ತೀನಿ:
16 ಸಾವಿರ ಹೋಯ್ತು, ಮೇಲೆ 6,600 ಹೋಯ್ತು, ಇದನ್ನೇ ಅಣ್ಣ ನೆಮ್ಮದಿ ಅಂತಾರೆ! ಸಬ್‌ಸ್ಕ್ರಿಪ್ಷನ್ ಅನ್ನೋ ಬಟನ್ ಕೆಳಗಡೆನೇ ಇದೆ ಅಣ್ಣಾ, ರೇಟಿನ ಚಾನೆಲ್ ಸಬ್‌ಸ್ಕ್ರೈಬ್ ಮಾಡಿಕೊಂಡು ಅದನ್ನು ಒತ್ತಿದ್ದರೆ ಆ ವಿಡಿಯೋ ಅಲ್ಲೇ ಸಿಗುತ್ತಿತ್ತು.

ನನ್ನ ವಿಷಯ ಕೇಳಿ. ನಾನು ವಿದ್ಯಾನಗರದಲ್ಲಿ ರೂಮ್ ಮಾಡಿ ಓದುತ್ತಿದ್ದೇನೆ. ಬಾಡಿಗೆ 3,200, ಮೆಸ್ಸಿಗೆ 2,800, ಕೋಚಿಂಗಿಗೆ ಕಟ್ಟಿದ್ದು 28,000. ಇದರಲ್ಲಿ ಫೋನ್ ದಾರಿ ತಪ್ಪಿಸಿದರೆ ಅಪ್ಪನ ದುಡ್ಡು ಹಾಳು. "ಆಸಕ್ತಿ ಇಲ್ಲ" ಒತ್ತಿ ಒತ್ತಿ ಹೆಬ್ಬೆರಳು ಸವೆಯಿತು, ಸಿನಿಮಾ ಜಗಳಗಳು ಬರುವುದು ನಿಲ್ಲಲಿಲ್ಲ. ಆಮೇಲೆ ಓದಿದೆ, ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರು 2022ರಲ್ಲಿ 20 ಸಾವಿರಕ್ಕೂ ಜಾಸ್ತಿ ಜನರ ಯೂಟ್ಯೂಬ್ ಬಳಕೆಯನ್ನು ಇಟ್ಟುಕೊಂಡು ಇದನ್ನೇ ಪರೀಕ್ಷೆ ಮಾಡಿದ್ದಾರೆ. "ಆಸಕ್ತಿ ಇಲ್ಲ" ಒತ್ತಿದರೆ ಬೇಡದ ಶಿಫಾರಸುಗಳಲ್ಲಿ ತಡೆದದ್ದು ಬರೀ ಶೇ. 11. ಡಿಸ್‌ಲೈಕ್ ಶೇ. 12. ನೋಡಿದ್ದನ್ನು ಹಿಸ್ಟರಿಯಿಂದ ಅಳಿಸಿದರೆ ಶೇ. 29. "ಈ ಚಾನೆಲ್ ಶಿಫಾರಸು ಮಾಡಬೇಡಿ" ಒತ್ತಿದರೆ ಶೇ. 43. ಹಾಗಾಗಿ ಕೊನೆಯ ಎರಡನ್ನೇ ಹಿಡಿದುಕೊಂಡೆ. ಕಂಡ ಕಂಡ ಚಾನೆಲನ್ನು ಹೊರಗೆ ಹಾಕಿದೆ, ಸಂಜೆ ಕೂತು ಹಿಸ್ಟರಿ ಕಳೆ ಕಿತ್ತೆ. ಚೊಕ್ಕ ಆಗಿತ್ತು. ಪ್ರಚಲಿತ ಘಟನೆ, ಪಂಚಾಯತ್ ರಾಜ್, ಮೆಂಟಲ್ ಎಬಿಲಿಟಿ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

ಅಷ್ಟರಲ್ಲಿ ರೂಮ್‌ಮೇಟ್ ತನ್ನ ಡಾಟಾ ಮುಗಿಯಿತು ಅಂತ ನನ್ನ ಫೋನ್ ತಗೊಂಡು ಒಂದು ಸೀರಿಯಲ್ಲಿನ ತುಣುಕು ನೋಡಿದಳು. ಈಗ ಆ ಸೀರಿಯಲ್ಲಿನ ಅತ್ತೆ ಪಂಚಾಯತ್ ರಾಜ್ ಪಾಠದ ಪಕ್ಕದಲ್ಲೇ ಕೂತಿದ್ದಾಳೆ. ಅವಳ ಹತ್ತಿರ ಮಾತು ಬಿಟ್ಟಿದ್ದೇನೆ. ರೂಮ್‌ಮೇಟ್ ಹತ್ತಿರ.

ದುರ್ಗದ ಸೀರೆ:
ಎಲ್ಲರೂ ಆಫ್ ಮಾಡಿ, ಅಳಿಸಿ, ಹೊರಗೆ ಹಾಕಿ ಅಂತೀರಲ್ಲ, ಆ ಕಡೆ ಕೂತು ತೋರಿಸುವವರು ಯಾರು ಅಂತ ಯೋಚನೆ ಮಾಡಿದ್ದೀರಾ? ನಾನು ಮೊಳಕಾಲ್ಮೂರು ಸೀರೆ ಮಾರುತ್ತೇನೆ. ಅಂಗಡಿ ಇಲ್ಲ, ಮನೆ ಹಜಾರವೇ ಅಂಗಡಿ. ರಿಂಗ್ ಲೈಟ್ 1,250, ಹಿಂದೆ ಕಟ್ಟುವ ಬಟ್ಟೆ 480, ನೇಕಾರರಿಗೆ ಕೊಟ್ಟ ಅಡ್ವಾನ್ಸ್ 40 ಸಾವಿರ. ಮೊದಲು ಒಂದು ರೀಲ್ ಮೈಸೂರು, ಮಂಗಳೂರು ಅಂತ ತಾನಾಗೇ ಓಡುತ್ತಿತ್ತು. ಸೆರಗಿನ ಮೇಲಿನ ನವಿಲನ್ನು ಹತ್ತಿರದಿಂದ ತೋರಿಸಿದ ರೀಲಿಗೆ ಬಂದ ಆರ್ಡರ್‌ನಲ್ಲಿ ಮಗಳ ಕಾಲೇಜು ಫೀಸ್ ಕಟ್ಟಿದೆ. ಆಮೇಲೆ ಏನಾಯ್ತೋ, ಎಲ್ಲಾ ನಿಂತಿತು. ದುಡ್ಡು ಕಟ್ಟಿ ಬೂಸ್ಟ್ ಮಾಡಿ ಅಂದರು. ದಿನಕ್ಕೆ 300ರಂತೆ ಹತ್ತು ದಿನ, ಮೇಲೆ ಜಿಎಸ್‌ಟಿ 540. ಬಂದದ್ದೇನು? "ಪ್ರೈಸ್ ಪ್ಲೀಸ್" ಅಂತ ಕೇಳಿ ಮಾಯವಾಗುವವರು. ಒಬ್ಬರು ತರಿಸಿಕೊಂಡು, ಮದುವೆಗೆ ಉಟ್ಟು, ಸೆಂಟಿನ ವಾಸನೆ ಸಮೇತ ವಾಪಸ್ ಕಳಿಸಿದರು. ಆ ಫಾಲ್ ನಾನೇ ಬಿಚ್ಚಿ ಹೊಸದು ಹಾಕಿಸಿದೆ, 120.

ಯಾರಿಗೆ ಏನು ತೋರಿಸಬೇಕು ಅಂತ ಆರಿಸುವ ಈ ಅಲ್ಗಾರಿದಂ ಇಲ್ಲದಿದ್ದರೆ ನಮ್ಮೂರ ನೇಕಾರರನ್ನು ಮಂಗಳೂರಿನವರಿಗೆ ಯಾರ್ರೀ ತೋರಿಸುತ್ತಿದ್ದರು? ನಿಮಗೆ ಹತೋಟಿ ಬೇಕು, ನಮಗೆ ಹೊಟ್ಟೆಪಾಡು.

ವರ್ಕ್ ಫ್ರಂ ಹರಿಹರ:
ನೀವೆಲ್ಲ ಅವರು ಕೊಟ್ಟ ಬಟನ್‌ಗಳಲ್ಲೇ ಸುತ್ತುತ್ತಿದ್ದೀರಿ. ಯುರೋಪ್ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆ 2022ರಲ್ಲೇ ಬಂತು. ಅಲ್ಲಿ ತಿಂಗಳಿಗೆ ನಾಲ್ಕೂವರೆ ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಬಳಕೆದಾರರಿರುವ ದೊಡ್ಡ ಆ್ಯಪ್‌ಗಳು, ನಮ್ಮ ಅಭ್ಯಾಸ, ಆಸಕ್ತಿ ಲೆಕ್ಕ ಹಾಕದೆ ತೋರಿಸುವ ಒಂದು ಆಯ್ಕೆಯನ್ನಾದರೂ ಕೊಡಲೇಬೇಕು ಅಂತ ಅದರ 38ನೇ ವಿಧಿ ಹೇಳುತ್ತದೆ. 2023ರ ಆಗಸ್ಟ್‌ನಿಂದ ದೊಡ್ಡವರ ಮೇಲೆ ಜಾರಿ ಇದೆ. ಚೀನಾದಲ್ಲೇ 2022ರ ಮಾರ್ಚ್‌ನಿಂದ ಶಿಫಾರಸು ಆಫ್ ಮಾಡುವ ಆಯ್ಕೆ ಕೊಡಬೇಕು ಅಂತ ನಿಯಮ ಇದೆ. ಬ್ಲೂಸ್ಕೈ ಅನ್ನೋ ಜಾಲತಾಣದಲ್ಲಿ 2023ರಿಂದ ಯಾರು ಬೇಕಾದರೂ ಫೀಡ್ ತಯಾರಿಸಬಹುದು, ನಮಗೆ ಬೇಕಾದ್ದನ್ನು ನಾವು ಹಾಕಿಕೊಳ್ಳಬಹುದು. ಮಾಸ್ಟೊಡಾನ್ ಅನ್ನೋ ಇನ್ನೊಂದರಲ್ಲಿ ನಾವು ಫಾಲೋ ಮಾಡುವವರ ಪೋಸ್ಟು ಹಾಕಿದ ಹೊತ್ತಿನ ಪ್ರಕಾರ ಬರುತ್ತದೆ, ಅಷ್ಟೇ.

ನಾನು ಮನೆಯಲ್ಲೇ ಒಂದು ಹಳೇ ಲ್ಯಾಪ್‌ಟಾಪ್ ಇಟ್ಟು, ಬೇಕಾದ ಚಾನೆಲ್, ಪತ್ರಿಕೆ ಮಾತ್ರ ಎಳೆದು ತರುವ ಹಾಗೆ ಮಾಡಿದ್ದೇನೆ. ಲ್ಯಾಪ್‌ಟಾಪ್ 11,500, ರ್‍ಯಾಮ್ 1,400, ಯುಪಿಎಸ್ 3,200. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಯುಪಿಎಸ್ ಬ್ಯಾಟರಿ ಉಬ್ಬಿತು, 950. ಮಳೆಗಾಲದಲ್ಲಿ ಅಡಾಪ್ಟರ್ ಸುಟ್ಟಿತು, 1,100. ಹಲ್ಲಿ ಫ್ಯಾನಿನೊಳಗೆ ಹೋಗಿ ಸತ್ತದ್ದಕ್ಕೆ ಬಿಲ್ ಇಲ್ಲ. ಆದರೆ ನನ್ನ ಪರದೆಯ ಮೇಲೆ ನಾನು ಕರೆಯದೆ ಯಾರೂ ಬರಲ್ಲ.

ದುರ್ಗದ ಸೀರೆ:
18 ಸಾವಿರ ಖರ್ಚು ಮಾಡಿ ಯಾರೂ ಬರದ ಹಾಗೆ ಮಾಡಿಕೊಂಡಿರಾ ಸರ್? ಮನೆಯಲ್ಲಿ ಬೇರೆಯವರು ಯಾರಾದರೂ ಅದನ್ನು ನೋಡುತ್ತಾರಾ?

ವರ್ಕ್ ಫ್ರಂ ಹರಿಹರ:
ಹೆಂಡತಿ ನೋಡಲ್ಲ. ಅದು ಇಲ್ಲಿನ ವಿಷಯ ಅಲ್ಲ.

ಪಿ.ಡಿ.ಒ. ಆಗೇ ಆಗ್ತೀನಿ:
ಹೊತ್ತಿನ ಪ್ರಕಾರ ಬಂದರೆ ಎಲ್ಲಾ ಸರಿ ಹೋಗುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ ಸರ್. 2020ರ ಅಮೆರಿಕ ಚುನಾವಣೆ ಹೊತ್ತಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಬಳಸುವ ಕೆಲವರಿಗೆ ಹಾಗೇ ಮಾಡಿ ನೋಡಿದ್ದರು, 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಜನ ಆ್ಯಪ್‌ನಲ್ಲಿ ಕಳೆಯುವ ಹೊತ್ತು ಕಡಿಮೆಯಾಯಿತು. ಆದರೆ ನಂಬಿಕೆಗೆ ಅರ್ಹವಲ್ಲದ ಕಡೆಯಿಂದ ಬರುವ ಸುದ್ದಿ ಜಾಸ್ತಿ ಆಯ್ತು, ಜನರ ರಾಜಕೀಯ ನಿಲುವು ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಯುರೋಪ್ ಕಾನೂನು ಹೇಳಿದ್ದೀರಿ, ದಾವಣಗೆರೆಗೆ ಅದು ಎಲ್ಲಿಂದ ಬರುತ್ತೆ?

ವರ್ಕ್ ಫ್ರಂ ಹರಿಹರ:
ಬರಲ್ಲ ಅಂತಲೇ ಹೇಳಿದ್ದು. ಕೇಳಬೇಕು ಅಂತ. ಪರೀಕ್ಷೆಗೆ ಓದುವವರಿಗೆ ಅಂಕಿ ಬಾಯಿಪಾಠ ಇರುತ್ತದೆ, ಕೇಳುವ ಅಭ್ಯಾಸ ಇರಲ್ಲ.

ಪಿ.ಡಿ.ಒ. ಆಗೇ ಆಗ್ತೀನಿ:
ಹೆಂಡತಿನೇ ನೋಡದ ಸರ್ವರ್ ಇಟ್ಟುಕೊಂಡವರಿಂದ ಪಾಠ ಬೇಕಿಲ್ಲ.

ಹಿರಿಯೂರು ಅಮ್ಮ:
ಜಗಳ ಆಮೇಲೆ ಆಡಿ. ಮಗುವಿಗೆ ಯೂಟ್ಯೂಬ್ ಕಿಡ್ಸ್‌ನಲ್ಲಿ ನಾವು ಒಪ್ಪಿದ ವಿಡಿಯೋ, ಚಾನೆಲ್ ಮಾತ್ರ ಬರುವ ಹಾಗೆ ಮಾಡಬಹುದು, ಹುಡುಕುವುದೂ ಬಂದ್ ಆಗುತ್ತದೆ. ಮಗಳಿಗೆ ಹಾಗೇ ಮಾಡಿದ್ದೇನೆ, ಆರಾಮಾಗಿದೆ. ಕಷ್ಟ ಆಗಿದ್ದು ನಮ್ಮ ಮಾವನವರದ್ದು. ಅವರಿಗೆ ಹೊಸ ಅಕೌಂಟ್ ಮಾಡಿ, ವಚನ, ಹವಾಮಾನ, ವಾಣಿವಿಲಾಸ ಸಾಗರದ ನೀರಿನ ಮಟ್ಟ ಹೇಳುವ ಚಾನೆಲ್ ಎಲ್ಲಾ ನಾನೇ ಸಬ್‌ಸ್ಕ್ರೈಬ್ ಮಾಡಿ ಕೊಟ್ಟೆ. ವಾರ ಚೆನ್ನಾಗಿತ್ತು. ಆಮೇಲೆ "ನನ್ನ ಫೋನಲ್ಲಿ ಏನೋ ಕಮ್ಮಿ ಬರ್ತಿದೆ, ಯಾರೋ ಕೈ ಹಾಕಿದ್ದಾರೆ" ಅಂತ ಮನೆ ತುಂಬಾ ಕೂಗಾಟ. ಮೊಬೈಲ್ ಅಂಗಡಿ ಹುಡುಗನ ಹತ್ತಿರ ಹೋಗಿ 150 ಕೊಟ್ಟು ಹಳೇ ಅಕೌಂಟ್ ಹಾಕಿಸಿಕೊಂಡು ಬಂದರು. ಸ್ಕ್ರೀನ್ ಗಾರ್ಡ್ ಬೇಡ ಅಂದರೂ ಅಂಟಿಸಿ ಅದಕ್ಕೂ 100 ಕಿತ್ತಿದ್ದಾನೆ. ಈಗ ನನ್ನ ಕೈಯಿಂದ ಕಾಫಿ ತಗೊಳ್ಳುವಾಗಲೂ ಫೋನ್ ಜೇಬಿಗೆ ಹಾಕಿಕೊಳ್ಳುತ್ತಾರೆ.

ನಿವೃತ್ತ ಮೇಷ್ಟ್ರು, ಜಗಳೂರು:
ಆ ಮಾವನವರ ಪರ ನನ್ನದೊಂದು ಮತ. ಇಲ್ಲಿ ಇಷ್ಟು ಜನ ಬರೆದಿದ್ದೀರಿ, ಅಪ್ಪನನ್ನು ಕೇಳಿದ್ದೀರಾ ಅಂತ ಒಬ್ಬರೂ ಈ ಹುಡುಗನನ್ನು ಕೇಳಲಿಲ್ಲ. ನನ್ನ ಮಗ ಯುಗಾದಿಗೆ ಬಂದವನು, ನಾನು ಎಣ್ಣೆಸ್ನಾನಕ್ಕೆ ಹೋದಾಗ ಫೋನ್ ತಗೊಂಡು ಎಲ್ಲಾ ರೀಸೆಟ್ ಮಾಡಿ ಹೋದ. ಒಳ್ಳೇದಕ್ಕೇ ಮಾಡಿದ್ದು ಅಂತಾನೆ. ಕಂಪನಿ ನಾಟಕದ ಹಳೇ ರಂಗಗೀತೆಗಳು, ಪೆಟ್ಟಿಗೆ ಬಾರಿಸುತ್ತಾ ಯಾರೋ ಹಳ್ಳಿಯವರು ಹಾಡಿದ್ದು, ಚಳ್ಳಕೆರೆ ಕಡೆಯ ದೇವರ ಎತ್ತುಗಳು, ಇವೆಲ್ಲ ನಾನು ಹುಡುಕಿದ್ದಲ್ಲ. ಹೆಸರು ಗೊತ್ತಿದ್ದರೆ ತಾನೇ ಹುಡುಕೋದು? ವರ್ಷಗಟ್ಟಲೆ ನೋಡಿ ನೋಡಿ ಅದಾಗೇ ನನ್ನ ರುಚಿ ಕಲಿತುಕೊಂಡು ತಂದುಕೊಟ್ಟಿತ್ತು. ಒಂದೇ ಗಳಿಗೆಯಲ್ಲಿ ಹೋಯಿತು. ಈಗ ಕುಣಿಯುವ ಹುಡುಗಿಯರು, ಕ್ರಿಕೆಟ್ಟು, ಬೆಂಗಳೂರಿನ ಸೈಟು. ನನಗೆ ಸೈಟು ಯಾತಕ್ಕೆ?

ಹತೋಟಿ ಅಂತೀರಲ್ಲ, ಅದು ಫೋನ್ ಯಾರದೋ ಅವರ ಕೈಯಲ್ಲಿರಬೇಕು. ಕಂಪನಿಯಿಂದ ಕಿತ್ತು ಮಗನ ಕೈಗೆ ಕೊಟ್ಟರೆ ಅಪ್ಪನಿಗೆ ಏನು ಬಂತು? ಮಾತ್ರೆ ಬಿಟ್ಟಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಪ್ಪಾ, ಶುಗರ್ ರಿಪೋರ್ಟು ಅವರೇ ತೋರಿಸಿ ಹೇಳಲಿ.

ಕೆ.ಟಿ.ಜೆ. ನಗರ, ದಾವಣಗೆರೆ:
ಸರ್, ಕೇಳಿದರೆ ಬೈತಾರೆ. ಅದಕ್ಕೇ ಇಲ್ಲಿ ಕೇಳಿದ್ದು.

ನಿವೃತ್ತ ಮೇಷ್ಟ್ರು, ಜಗಳೂರು:
ಬೈಸಿಕೊಳ್ಳಿ. ಪಕ್ಕದಲ್ಲಿ ಕೂತು ಆ ಕಷಾಯದ ಚಾನೆಲ್‌ಗಳನ್ನು ಅವರ ಕೈಯಿಂದಲೇ ತೆಗೆಸಿ. ಆ ಪಿ.ಡಿ.ಒ. ಹುಡುಗಿ ಹೇಳಿದ "ಈ ಚಾನೆಲ್ ಶಿಫಾರಸು ಮಾಡಬೇಡಿ" ಬಟನ್ ಇದೆಯಲ್ಲ, ಅದು.

ಚನ್ನಗಿರಿ ತೋಟ:
ಮೇಷ್ಟ್ರೇ, ನಿಮಗೆ ರಂಗಗೀತೆ ತಂದುಕೊಟ್ಟಿದ್ದೇ ನನಗೆ ಬೆಲ್ಲದ ನೀರು ಮಾರಿದ್ದು. ರುಚಿ ಕಲಿಯಿತಂತೆ. ಜೇಬು ಕಲಿಯಿತು ಅನ್ನಿ. 16,840 ನನ್ನದು ಹೋಗಿದ್ದು, ನಿಮ್ಮದಲ್ಲ.

ಕೊನೆ ಭಾಗದ ರೈತ, ಹರಿಹರ ತಾಲ್ಲೂಕು:
ಅಡಿಕೆಯವರ ಕಣ್ಣೀರು ನೋಡಿ ನಗು ಬರುತ್ತೆ. ಭದ್ರಾ ನಾಲೆಗೆ ಮೇಲ್ಗಡೆ ಪಂಪ್‌ಸೆಟ್ ಹಾಕಿ ಎಳೆದುಕೊಂಡು ತೋಟ ಮಾಡೋದು, ಕೊನೆ ಭಾಗದ ನಮ್ಮ ಭತ್ತ ಕಾಳು ಕಟ್ಟೋ ಹೊತ್ತಿಗೆ ನಾಲೆ ಒಣಗೋದು. 16 ಸಾವಿರದ ಲೆಕ್ಕ ಇಲ್ಲಿ ಹೇಳ್ತಾರೆ. ನಮ್ಮದು ಎಕರೆಗೆ ನಾಟಿ ಕೂಲಿ, ಗೊಬ್ಬರ, ಟ್ರ್ಯಾಕ್ಟರ್ ಸೇರಿ 30 ಸಾವಿರ ಮಣ್ಣುಪಾಲು.

ಚನ್ನಗಿರಿ ತೋಟ:
ನನ್ನದು ಬೋರ್‌ವೆಲ್ಲು. 620 ಅಡಿ. ನಾಲೆ ನಮ್ಮ ತೋಟದ ಹತ್ತಿರಾನೂ ಇಲ್ಲ. ಗೊತ್ತಿಲ್ಲದೆ ಮಾತಾಡಬೇಡಿ.

ಕೊನೆ ಭಾಗದ ರೈತ, ಹರಿಹರ ತಾಲ್ಲೂಕು:
ಎಲ್ಲರೂ ಹಾಗೇ ಹೇಳೋದು. ಬಂದು ನೋಡಲಾ?

ಚನ್ನಗಿರಿ ತೋಟ:
ಬನ್ನಿ. ಬರುವಾಗ ಎರಡು ಕ್ಯಾನು ಉಳಿದಿವೆ, ನಿಮ್ಮ ಭತ್ತಕ್ಕೆ ಹಾಕಿಕೊಳ್ಳಿ, ಪುಕ್ಕಟೆ ಕೊಡ್ತೀನಿ.

ಹಿರಿಯೂರು ಅಮ್ಮ:
ಸೀರೆ ಮೇಡಂ, ಆ ನವಿಲಿನ ಸೆರಗಿಂದು ಇನ್ನೂ ಇದೆಯಾ? ಎಷ್ಟು?

ದುರ್ಗದ ಸೀರೆ:
ಇದೆ ಅಕ್ಕಾ, ಜಾಂಬಳಿ ಬಣ್ಣದ್ದು ಒಂದೇ ಉಳಿದಿದೆ. ರೇಟು ಇನ್‌ಬಾಕ್ಸಿಗೆ ಹಾಕ್ತೀನಿ. ಮದುವೆಗೆ ಉಟ್ಟು ವಾಪಸ್ ಕಳಿಸೋ ಹಾಗಿಲ್ಲ, ಈಗಲೇ ಹೇಳಿಬಿಟ್ಟಿದ್ದೀನಿ.